ಗಾಳಿ ಮನುಷ್ಯರನ್ನು ಎತ್ತಿ ಒಯ್ಯುತ್ತದೆಯೆ? ಸುಂಟರಗಾಳಿ, ಪತ್ರಾಸು ಮತ್ತು ಒಬ್ಬ ತಾಯಿಯ ಪ್ರಶ್ನೆಗಳು

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನ ಹಳ್ಳಿಯೊಂದರ ಶಾಲಾ ಶಿಕ್ಷಕಿ. ನಮ್ಮ ಮನೆ ಇರುವುದು ಊರ ಹೊರಗಿನ ತೋಟದ ವಸ್ತಿಯಲ್ಲಿ. ಹಿಂದಿನ ಭಾಗ ಮಾವನವರ ಕಾಲದ ಮಣ್ಣಿನ ಮಾಳಿಗೆ, ಮುಂದಿನದು ಪತ್ರಾಸು (ತಗಡಿನ ಹಾಳೆ) ಹೊದಿಸಿದ ಪಡಸಾಲೆ, ಪಕ್ಕದಲ್ಲಿ ಒಣದ್ರಾಕ್ಷಿಯ ಶೆಡ್. ಕಳೆದ ಮೇ ತಿಂಗಳ ಒಂದು ಸಂಜೆ ಹತ್ತೇ ನಿಮಿಷ ಬೀಸಿದ ಗಾಳಿಗೆ ಪಡಸಾಲೆಯ ಪತ್ರಾಸುಗಳು ಕಿತ್ತುಹೋಗಿ ಪೂರ್ವದ ಹೊಲದಲ್ಲಿ ಬಿದ್ದವು. ಬಾಳೆಯೆಲ್ಲ ಅದೇ ದಿಕ್ಕಿಗೆ ಮಲಗಿತು. ಒಂದು ಪತ್ರಾಸು ನಮ್ಮ ತೋಟದ ಕೆಲಸದವನ ಮೊಣಕಾಲಿನ ಕೆಳಗೆ ಸೀಳಿತು. ಅದೇ ರಾತ್ರಿ ಹೊಲಿಗೆ ಹಾಕಿಸಿದೆವು, ನಾಲ್ಕನೆಯ ದಿನಕ್ಕೆ ಕೀವು ತುಂಬಿ ಹೊಲಿಗೆ ಬಿಚ್ಚಿಸಬೇಕಾಯಿತು. ಈಗ ಹೊಸ ಪತ್ರಾಸು ಹೊದಿಸಿ, ಹಾರದಿರಲೆಂದು ಮೇಲೆ ಮೊದಲಿಗಿಂತ ಹೆಚ್ಚು ಕಲ್ಲು ಹೇರಿಸಿದ್ದೇವೆ. ಇದರ ನಡುವೆ ಮಗನಿಗೆ ಅಮೆರಿಕದ ಓಕ್ಲಹೋಮಾ ರಾಜ್ಯದ ನಾರ್ಮನ್‌ನಲ್ಲಿ ಓದಲು ಸೀಟು ಸಿಕ್ಕಿದೆ. ಅಲ್ಲಿನ ಸುಂಟರಗಾಳಿಗಳ ವಿಡಿಯೊ ನೋಡಿ ನನಗೆ ನಿದ್ದೆ ಹತ್ತುತ್ತಿಲ್ಲ. ಅದರೊಳಗೆ ಸಿಕ್ಕವರ ಉಸಿರು ಎಳೆದುಹೋಗಿ ಪುಪ್ಪುಸ ಒಡೆಯುತ್ತದೆಯೆ? ಕಿಟಕಿ ತೆರೆದಿಟ್ಟರೆ ಮನೆ ಉಳಿಯುತ್ತದೆಯೆ? ಗಾಳಿ ಬಂದರೆ ಕಾರಿನಲ್ಲಿ ಓಡಿಬಿಡುತ್ತೇನೆ ಎನ್ನುತ್ತಾನೆ ಮಗ, ಅದು ಸರಿಯೆ? ನಮ್ಮಲ್ಲಿ ಅಂಥದ್ದು ಬಂದರೆ ಕಾಳು ತುಂಬುವ ನೆಲದೊಳಗಿನ ಹಳೆಯ ಹಗೇವಿನೊಳಗೆ ಇಳಿಯಬಹುದೆ? ಆಲಿಕಲ್ಲು ಬೀಳತೊಡಗಿದ ಕೂಡಲೇ ನಮ್ಮ ಅತ್ತೆ ಅಂಗಳಕ್ಕೆ ಹೋಗಿ ಕಬ್ಬಿಣದ ಹಾರಿ ಒಗೆದು ಬರುತ್ತಾರೆ, ಬೇಡವೆಂದರೆ ಕೇಳುವುದಿಲ್ಲ.

ಉತ್ತರ: ಅಕ್ಕನವರೇ, ನಿಮ್ಮ ನಿದ್ದೆ ಕೆಡಿಸಿರುವುದು ಓಕ್ಲಹೋಮಾ. ನಿಮ್ಮ ಪತ್ರ ಓದುವಾಗ ನನ್ನ ಗಮನ ನಿಂತದ್ದು ಪತ್ರಾಸಿನ ಮೇಲೆ ಹೇರಿಸಿದ ಕಲ್ಲಿನ ಹತ್ತಿರ. ನಾನು ಹವಾಮಾನ ವಿಜ್ಞಾನಿಯಲ್ಲ, ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ಅಪಘಾತದ ಗಾಯಾಳುಗಳನ್ನು ನೋಡುವ ಶಸ್ತ್ರಚಿಕಿತ್ಸಕ. ಮುಂಗಾರಿಗೆ ಮುಂಚಿನ ಅಡ್ಡಮಳೆಯ ದಿನಗಳಲ್ಲಿ, ಸಂಜೆ ಗಾಳಿ ಬೀಸಿ ನಿಂತ ಒಂದೆರಡು ತಾಸಿನೊಳಗೆ ನಮ್ಮಲ್ಲಿಗೆ ಬರುವವರು ಹೆಚ್ಚುಕಡಿಮೆ ಒಂದೇ ಬಗೆಯವರು: ಪತ್ರಾಸು ಕೊಯ್ದವರು, ಸೂರಿನ ಕಲ್ಲು ತಲೆಗೆ ಬಿದ್ದವರು, ಗೋಡೆಯ ಕೆಳಗೆ ಸಿಕ್ಕವರು, ಟೊಂಗೆ ಮುರಿದು ಬೈಕಿನಿಂದ ಬಿದ್ದವರು. ಸುಂಟರಗಾಳಿಯಲ್ಲಿ ಸಿಕ್ಕವರ ಗಾಯಗಳ ಬಗ್ಗೆ ಅಮೆರಿಕದ ವೈದ್ಯರು ಬರೆದಿರುವುದನ್ನು ಓದಿದರೆ ಅಲ್ಲಿಯೂ ಇವೇ ಗಾಯಗಳು, ಪ್ರಮಾಣ ಮಾತ್ರ ಬಹಳ ದೊಡ್ಡದು. ಹಾಗಾಗಿ ಎರಡೂ ಊರುಗಳ ಮಾತನ್ನು ಒಟ್ಟಿಗೇ ಹೇಳಬಲ್ಲೆ.

ಮೊದಲು, ನಿಮ್ಮ ಹೊಲಕ್ಕೆ ಬಂದದ್ದು ಏನು ಎಂಬುದನ್ನು ತಿಳಿಯೋಣ. ಬೇಸಿಗೆಯ ಮಧ್ಯಾಹ್ನ ಬಟಾಬಯಲಿನಲ್ಲಿ ಮಣ್ಣು, ಕಸ, ಒಣಗಿದ ಎಲೆಗಳನ್ನು ತಿರುಗಿಸುತ್ತ ಮೇಲೇಳುವ ಸುಳಿಗಾಳಿಯನ್ನು ನೀವು ನೂರಾರು ಸಲ ನೋಡಿರುತ್ತೀರಿ. ಅದು ಕಾದ ನೆಲದಿಂದ ಹುಟ್ಟುತ್ತದೆ, ಅದಕ್ಕೆ ಮೋಡ ಬೇಕಿಲ್ಲ, ಕಣ್ಣಿಗೆ ಮಣ್ಣು ತುಂಬುವುದಕ್ಕಿಂತ ಹೆಚ್ಚಿನ ಅಪಾಯ ಅದರಿಂದ ಅಪರೂಪ. ಮೇ ತಿಂಗಳ ಸಂಜೆ ನಿಮ್ಮಲ್ಲಿಗೆ ಬಂದದ್ದು ಬೇರೆ. ಗುಡುಗಿನ ಮೋಡದೊಳಗಿನ ಮಳೆ ಮತ್ತು ಆಲಿಕಲ್ಲು ಕೆಳಗಿಳಿಯುವಾಗ, ನಮ್ಮ ಭಾಗದ ಒಣಹವೆಯಲ್ಲಿ ನೀರಿನ ಹನಿಗಳು ಅರ್ಧ ದಾರಿಯಲ್ಲೇ ಆವಿಯಾಗಿ ಸುತ್ತಲಿನ ಗಾಳಿಯನ್ನು ತಣ್ಣಗಾಗಿಸುತ್ತವೆ. ತಣ್ಣಗಾದ ಗಾಳಿ ಭಾರವಾಗಿ ನೇರ ಕೆಳಗೆ ಕುಸಿದು, ನೆಲಕ್ಕೆ ಬಡಿದು, ಸುತ್ತಲೂ ಹರಡಿಕೊಳ್ಳುತ್ತದೆ. ಅದರ ವೇಗ ಗಂಟೆಗೆ 100 ಕಿ.ಮೀ. ದಾಟುವುದುಂಟು. ಪತ್ರಾಸುಗಳೆಲ್ಲ ಪೂರ್ವಕ್ಕೆ ಬಿದ್ದವು, ಬಾಳೆಯೂ ಅದೇ ದಿಕ್ಕಿಗೆ ಮಲಗಿತು ಎಂದು ನೀವೇ ಬರೆದಿದ್ದೀರಿ; ಅದು ಇಂಥ ಕುಸಿತಗಾಳಿಯ ಗುರುತು. ನಿಜವಾದ ಸುಂಟರಗಾಳಿ ಹೋದ ದಾರಿ ಕಿರಿದಾಗಿರುತ್ತದೆ, ಆ ದಾರಿಯೊಳಗೆ ಬಿದ್ದ ಗಿಡಮರಗಳು ಒಂದರ ಮೇಲೊಂದು ಅಡ್ಡಾದಿಡ್ಡಿಯಾಗಿ, ಒಳಮುಖವಾಗಿ ಮಲಗಿರುತ್ತವೆ. ಈ ವ್ಯತ್ಯಾಸವನ್ನು ಜಗತ್ತಿಗೆ ತೋರಿಸಿಕೊಟ್ಟವರು ಜಪಾನ್ ಮೂಲದ ಟೆಟ್ಸುಯಾ ಫುಜಿತಾ. ವಿಮಾನದಿಂದ ಕಾಡನ್ನು ನೋಡಿ, ಮರಗಳು ನಕ್ಷತ್ರದ ಕಿರಣಗಳಂತೆ ಹೊರಮುಖವಾಗಿ ಬಿದ್ದಿರುವುದನ್ನು ಅವರು ಗುರುತಿಸಿದರು. 1975ರಲ್ಲಿ ನ್ಯೂಯಾರ್ಕ್‌ನ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದ ವಿಮಾನವೊಂದು ನೆಲಕ್ಕಪ್ಪಳಿಸಿದ್ದಕ್ಕೆ ಇಂಥ ಕುಸಿತಗಾಳಿಯೇ ಕಾರಣವೆಂದು ಹೇಳಿದವರೂ ಅವರೇ. ಸುಂಟರಗಾಳಿಯ ಬಲವನ್ನು ಇಂದಿಗೂ ಅಳೆಯುವುದು ಅವರ ಹೆಸರಿನ ಮಾಪಕದಿಂದ.

ನಮ್ಮ ಭಾಗದ ಜಿಲ್ಲೆಗಳಲ್ಲಿ ಶಾಖಕ್ಕೆ ಕೊರತೆಯಿಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ಸಮುದ್ರದ ತೇವಾಂಶವೂ ಬಂದು ಸೇರುತ್ತದೆ. ಆದರೆ ಒಂದು ಮೋಡ ಇಡಿಯಾಗಿ ತಿರುಗತೊಡಗಬೇಕಾದರೆ ನೆಲದ ಹತ್ತಿರದ ಗಾಳಿಗೂ ಹಲವು ಕಿ.ಮೀ. ಮೇಲಿನ ಗಾಳಿಗೂ ದಿಕ್ಕಿನಲ್ಲಿ, ವೇಗದಲ್ಲಿ ದೊಡ್ಡ ಅಂತರ ಇರಬೇಕು. ಆ ಅಂತರ ಓಕ್ಲಹೋಮಾ, ಕಾನ್ಸಾಸ್ ಬಯಲುಗಳಲ್ಲಿ ವಸಂತದುದ್ದಕ್ಕೂ ಸಿಗುತ್ತದೆ. ಬಂಗಾಳದ ಬಯಲಿನಲ್ಲಿ ಮಾರ್ಚ್ ಏಪ್ರಿಲ್‌ನಲ್ಲಿ ಸಿಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ವಿಡಿಯೊದಲ್ಲಿ ಕಂಡಂಥ ದೈತ್ಯ ಸುಂಟರಗಾಳಿ ಇಂಡಿಗೆ ಬರುವ ಸಾಧ್ಯತೆ ತೀರಾ ಕಡಿಮೆ. ಭಾರತಕ್ಕೇ ಬರುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. 1978ರ ಮಾರ್ಚ್ 17ರಂದು ಉತ್ತರ ದೆಹಲಿಯಲ್ಲಿ ಸುಂಟರಗಾಳಿ ಹಾದು 28 ಜನ ಸತ್ತರು, ನೂರಾರು ಜನ ಗಾಯಗೊಂಡರು. 1998ರ ಮಾರ್ಚ್‌ನಲ್ಲಿ ಒಡಿಶಾ ಮತ್ತು ಪಶ್ಚಿಮ ಬಂಗಾಳದ ಗಡಿಯ ಹಳ್ಳಿಗಳಲ್ಲಿ ನೂರಕ್ಕೂ ಹೆಚ್ಚು ಜನರ ಜೀವ ಹೋಯಿತು. ಇತಿಹಾಸದಲ್ಲೇ ಅತಿ ಹೆಚ್ಚು ಜನರನ್ನು ಕೊಂದ ಸುಂಟರಗಾಳಿ ಅಮೆರಿಕದ್ದಲ್ಲ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ, ಸಾಟೂರಿಯಾ ಪ್ರದೇಶವನ್ನು ಹಾದುಹೋದದ್ದು. ಅದರಲ್ಲಿ ಸುಮಾರು 1,300 ಜನ ಸತ್ತರೆಂದು ಅಂದಾಜು. ವರ್ಷಕ್ಕೆ ಸುಮಾರು 1,200 ಸುಂಟರಗಾಳಿಗಳು ಬರುವ ಅಮೆರಿಕದಲ್ಲಿ ಸಾಯುವವರು ಸರಾಸರಿ ಎಪ್ಪತ್ತರ ಆಸುಪಾಸು. ಒಂದೇ ಒಂದು ಸುಂಟರಗಾಳಿ ಬಾಂಗ್ಲಾದಲ್ಲಿ ಅಷ್ಟೊಂದು ಜನರನ್ನು ಹೇಗೆ ಕೊಂದಿತು? ತಗಡಿನ ಮತ್ತು ಮಣ್ಣಿನ ಮನೆಗಳು, ದಟ್ಟವಾದ ಜನವಸತಿ, ಮುನ್ಸೂಚನೆಯ ಅಭಾವ.

ಇನ್ನು ಗಾಳಿ ಮನುಷ್ಯರನ್ನು ಎತ್ತಿ ಒಯ್ಯುತ್ತದೆಯೆ ಎಂಬ ಮಾತು. ಅತಿ ಬಲವಾದ ಸುಂಟರಗಾಳಿಗಳಲ್ಲಿ ಹೌದು. ಫುಜಿತಾ ಮಾಪಕದ ಈಗಿನ ರೂಪದಲ್ಲಿ ಕೊನೆಯ ದರ್ಜೆಯ ಗಾಳಿ ಗಂಟೆಗೆ 322 ಕಿ.ಮೀ.ಗಿಂತ ಹೆಚ್ಚು. ಆ ವೇಗದಲ್ಲಿ ನಿಂತ ಮನುಷ್ಯನ ಮೇಲೆ ಬೀಳುವ ಒತ್ತಡ ಅವನ ತೂಕದ ಹಲವು ಪಟ್ಟಾಗುತ್ತದೆ. ಅಂಥವರನ್ನು ದೂರ ಎಸೆದಿರುವುದೂ, ಅಪರೂಪಕ್ಕೆ ಬದುಕಿ ಬಂದಿರುವುದೂ ದಾಖಲಾಗಿದೆ. ಆದರೆ ಅಮೆರಿಕದಲ್ಲಿಯೂ ಬಹುಪಾಲು ಸುಂಟರಗಾಳಿಗಳು ಮೊದಲ ಎರಡು ದರ್ಜೆಯವು, ಅಂದರೆ ಗಂಟೆಗೆ ಸುಮಾರು 105ರಿಂದ 177 ಕಿ.ಮೀ. ವೇಗದವು. ಅವುಗಳಲ್ಲಿ ಮನುಷ್ಯನಿಗೆ ಅಪಾಯ ತರುವುದು ಗಾಳಿ ಹೊತ್ತು ತರುವ ವಸ್ತುಗಳು. ತಗಡು, ಹೆಂಚಿನ ಚೂರು, ಗಾಜು, ಮರದ ತುಂಡು, ಕಬ್ಬಿಣದ ಪೈಪು ಇವೆಲ್ಲ ಆ ವೇಗದಲ್ಲಿ ಆಯುಧಗಳೇ ಆಗುತ್ತವೆ. ಸಾವಿಗೆ ಮುಖ್ಯ ಕಾರಣ ತಲೆಯ ಪೆಟ್ಟು. ಅದರ ನಂತರ ಎದೆ ಹೊಟ್ಟೆಗಳಿಗೆ ಬಿದ್ದ ಒಳಪೆಟ್ಟು, ಬೆನ್ನುಮೂಳೆಯ ಮುರಿತ, ಕುಸಿದ ಗೋಡೆಯ ಕೆಳಗೆ ಎದೆ ಅದುಮಿ ಉಸಿರುಗಟ್ಟುವುದು. ಬದುಕಿ ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರದು ಕೈಕಾಲಿನ ಮುರಿತ ಮತ್ತು ಮಣ್ಣು ತುಂಬಿದ ಆಳವಾದ ಗಾಯ.

ಗೋಡೆಯ ಕೆಳಗೆ ಕಾಲು ಸಿಕ್ಕಿಕೊಂಡವರ ಬಗ್ಗೆ ಒಂದು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದು ಮಾಳಿಗೆ ಮನೆಗಳಿರುವ ನಮ್ಮ ಕಡೆ ಬಹಳ ಉಪಯೋಗಕ್ಕೆ ಬರುವಂಥದ್ದು. ತೊಡೆ, ಕಾಲಿನಂಥ ದೊಡ್ಡ ಮಾಂಸಖಂಡ ಗಂಟೆಗಟ್ಟಲೆ ಭಾರದ ಕೆಳಗೆ ಅದುಮಿಕೊಂಡಿದ್ದರೆ ಅದು ಒಳಗೇ ಸಾಯತೊಡಗುತ್ತದೆ. ಆ ಭಾರವನ್ನು ಒಮ್ಮೆಲೇ ತೆಗೆದಾಗ ಸತ್ತ ಮಾಂಸದಿಂದ ಪೊಟ್ಯಾಸಿಯಂ ಮತ್ತಿತರ ಪದಾರ್ಥಗಳು ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು, ಬದುಕಿದರೂ ಎರಡು ದಿನದಲ್ಲಿ ಮೂತ್ರಪಿಂಡ ಕೈಕೊಡಬಹುದು. ಮಾತಾಡುತ್ತಿದ್ದವನು ಹೊರಗೆ ಎಳೆದ ಮೇಲೆ ಸತ್ತುಹೋದ ಎಂದು ಜನ ಹೇಳುವುದರ ಹಿಂದೆ ಅನೇಕ ಸಲ ಇದೇ ಕಾರಣವಿರುತ್ತದೆ. ತಲೆ, ಎದೆಯ ಮೇಲೆ ಬಿದ್ದ ಮಣ್ಣನ್ನು ತಕ್ಷಣ ತೆಗೆಯಬೇಕು, ಅದರಲ್ಲಿ ಕಾಯುವ ಮಾತೇ ಇಲ್ಲ. ಸಿಕ್ಕಿರುವುದು ಕಾಲಷ್ಟೇ ಆಗಿದ್ದು ತಾಸುಗಳು ಕಳೆದಿದ್ದರೆ, 108ಕ್ಕೆ ಕರೆಮಾಡಿ, ಸಲೈನ್ ಹಚ್ಚಬಲ್ಲವರು ಬಂದ ಮೇಲೆ ಭಾರ ತೆಗೆಯುವುದು ಒಳ್ಳೆಯದು.

ಪುಪ್ಪುಸ ಒಡೆಯುವ ಮಾತು ಸುಳ್ಳು. ಸುಂಟರಗಾಳಿಯ ನಡುವೆ ಹವೆಯ ಒತ್ತಡ ಇಳಿಯುವುದು ನಿಜ. 2003ರಲ್ಲಿ ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ಮ್ಯಾಂಚೆಸ್ಟರ್ ಎಂಬ ಹಳ್ಳಿಯ ಬಳಿ ಟಿಮ್ ಸಮಾರಸ್ ಎಂಬ ಸಂಶೋಧಕ ಸುಂಟರಗಾಳಿಯ ದಾರಿಯಲ್ಲಿ ಇಟ್ಟ ಉಪಕರಣ 100 ಮಿಲಿಬಾರ್‌ನಷ್ಟು ಇಳಿತವನ್ನು ದಾಖಲಿಸಿತು. ಅದು ಬಹಳ ದೊಡ್ಡ ಇಳಿತವೇ. ಆದರೆ ಅದು ಸುಮಾರು ಒಂದು ಕಿ.ಮೀ. ಎತ್ತರಕ್ಕೆ ಏರಿದಾಗ ಆಗುವಷ್ಟು ಇಳಿತ. ದೂರದ ಪ್ರಯಾಣದ ವಿಮಾನದೊಳಗೆ ಕುಳಿತ ನಿಮ್ಮ ಮಗ ಅದಕ್ಕಿಂತ ಹೆಚ್ಚಿನ ಇಳಿತವನ್ನು ಗಂಟೆಗಟ್ಟಲೆ ಅನುಭವಿಸುತ್ತಾನೆ, ಕಿವಿ ಗುಂಯ್‌ಗುಟ್ಟುವುದರ ಹೊರತು ಏನೂ ಆಗುವುದಿಲ್ಲ.

ಕಿಟಕಿ ತೆರೆದಿಡುವ ಸಲಹೆ ಹುಟ್ಟಿದ್ದೂ ಇದೇ ತಪ್ಪು ತಿಳುವಳಿಕೆಯಿಂದ. ಒಳಗಿನ ಒತ್ತಡ ಹೆಚ್ಚಾಗಿ ಮನೆ ಬಲೂನಿನಂತೆ ಸಿಡಿಯುತ್ತದೆ ಎಂದು ಅಮೆರಿಕದಲ್ಲಿಯೂ ಬಹುಕಾಲ ನಂಬಿದ್ದರು. ನಿಜದಲ್ಲಿ ತೆರೆದ ಕಿಟಕಿ ಬಾಗಿಲುಗಳಿಂದ ಒಳನುಗ್ಗಿದ ಗಾಳಿ ಛಾವಣಿಯನ್ನು ಕೆಳಗಿನಿಂದ ಮೇಲಕ್ಕೆ ನೂಕುತ್ತದೆ. ಅದೇ ಹೊತ್ತಿಗೆ ಮೇಲೆ ಹಾಯುವ ಗಾಳಿ ಛಾವಣಿಯನ್ನು ಮೇಲಕ್ಕೆಳೆಯುತ್ತಿರುತ್ತದೆ. ಎರಡೂ ಸೇರಿದಾಗ ಛಾವಣಿ ಹೋಗುತ್ತದೆ, ಛಾವಣಿ ಹೋದ ಮೇಲೆ ಗೋಡೆ ಬೀಳುತ್ತದೆ. ಕಿಟಕಿ ತೆರೆಯಲು ಹೋದವನು ಗಾಜಿನ ಮುಂದೆ ನಿಂತಿರುತ್ತಾನೆ ಎಂಬುದು ಇನ್ನೊಂದು ಅಪಾಯ. ಮನೆಯ ನೈಋತ್ಯ ಮೂಲೆ ಸುರಕ್ಷಿತ ಎಂಬ ನಂಬಿಕೆಯೂ ಅಲ್ಲಿತ್ತು. ವಾಸ್ತು ನೋಡುವ ನಮ್ಮವರಿಗೆ ಇದು ಕುತೂಹಲ ಹುಟ್ಟಿಸಬಹುದು. 1966ರಲ್ಲಿ ಕಾನ್ಸಾಸ್‌ನ ಟೊಪೀಕಾ ನಗರದಲ್ಲಿ ಸುಂಟರಗಾಳಿ ಹಾದ ಮೇಲೆ ಬಿದ್ದ ಮನೆಗಳನ್ನು ಪರಿಶೀಲಿಸಿದಾಗ, ಗಾಳಿ ಬಂದ ದಿಕ್ಕಾದ ನೈಋತ್ಯದ ಕಡೆಯೇ ಹೆಚ್ಚು ಅಪಾಯಕರವಾಗಿದ್ದುದು ಕಂಡುಬಂತು. ಅದೇ ಊರಿನ ಅಂಚಿನಲ್ಲಿ ಒಂದು ಗುಡ್ಡವಿದೆ. ಆ ಗುಡ್ಡ ಊರನ್ನು ಕಾಯುತ್ತದೆ, ಸುಂಟರಗಾಳಿ ಒಳಗೆ ಬರಲಾರದು ಎಂದು ಜನ ನಂಬಿದ್ದರು. ಆ ವರ್ಷದ ಗಾಳಿ ಆ ಗುಡ್ಡವನ್ನೇ ಹತ್ತಿ ಇಳಿದು ಊರೊಳಗೆ ಬಂತು.

ಈಗ ನಿಮ್ಮ ಪತ್ರಾಸಿಗೆ ಬರುತ್ತೇನೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಹಾಕುವ ಒತ್ತಡ ಹತ್ತಿರ ಹತ್ತಿರ 47 ಕಿಲೊ ತೂಕಕ್ಕೆ ಸಮ. ಮೂರು ಚದರ ಮೀಟರಿನ ಒಂದು ಪತ್ರಾಸಿಗೆ ಅದು ಸುಮಾರು 140 ಕಿಲೊ ಆಗುತ್ತದೆ. ಛಾವಣಿಯ ಅಂಚು ಮತ್ತು ಮೂಲೆಗಳಲ್ಲಿ ಎಳೆತ ಇನ್ನೂ ಹೆಚ್ಚು. ಪತ್ರಾಸಿನ ಸ್ವಂತ ತೂಕ ಹದಿನೈದು ಕಿಲೊ ಇದ್ದರೆ ಹೆಚ್ಚು. ನೀವು ಮೇಲೆ ಇಟ್ಟ ನಾಲ್ಕಾರು ಕಲ್ಲು ಈ ಲೆಕ್ಕದಲ್ಲಿ ಎಲ್ಲಿಯೂ ನಿಲ್ಲುವುದಿಲ್ಲ. ಸಣ್ಣ ಗಾಳಿಗೆ ಸದ್ದಾಗದಂತೆ ತಡೆಯುತ್ತವೆ, ದೊಡ್ಡ ಗಾಳಿಗೆ ಪತ್ರಾಸಿನ ಜೊತೆ ಎದ್ದು ಕೆಳಗೆ ಮಲಗಿದವರ ಮೇಲೆ ಬೀಳುತ್ತವೆ. ನನ್ನ ವೃತ್ತಿಯಲ್ಲಿ ನಾನು ಕಂಡ ತಲೆಬುರುಡೆಯ ಗಾಯಗಳಲ್ಲಿ, ಅದರಲ್ಲಿಯೂ ಮಕ್ಕಳ ಗಾಯಗಳಲ್ಲಿ, ಈ ಕಲ್ಲುಗಳ ಪಾಲು ಕಡಿಮೆಯೇನಲ್ಲ. ಆದ್ದರಿಂದ ಮೊದಲು ಕಲ್ಲು ಇಳಿಸಿ. ಪತ್ರಾಸನ್ನು ಹುಕ್ ಬೋಲ್ಟು ಮತ್ತು ವಾಷರಿನಿಂದ ಅಡ್ಡಪಟ್ಟಿಗೆ, ಅಡ್ಡಪಟ್ಟಿಯನ್ನು ಕಂಬಕ್ಕೆ, ಕಂಬವನ್ನು ಕಾಂಕ್ರೀಟಿನ ಬುನಾದಿಗೆ ಬಿಗಿಯಬೇಕು; ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಿದ್ದರೂ ಉಳಿದ ಬಿಗಿ ವ್ಯರ್ಥ. ಅಂಚಿನ ಸಾಲುಗಳಲ್ಲಿ ಬೋಲ್ಟುಗಳು ಒತ್ತೊತ್ತಾಗಿರಲಿ, ಸೂರು ಗೋಡೆಯಿಂದ ಹೊರಗೆ ಹೆಚ್ಚು ಚಾಚದಿರಲಿ. ಮನೆಯಲ್ಲಿ ಕೂಸು ಇದ್ದರೆ ಪತ್ರಾಸಿನ ಅಡ್ಡಪಟ್ಟಿಗೆ ತೊಟ್ಟಿಲು ಕಟ್ಟಬೇಡಿ. ಛಾವಣಿ ಎದ್ದರೆ ತೊಟ್ಟಿಲೂ ಅದರೊಂದಿಗೆ ಏಳುತ್ತದೆ.

ಗಾಳಿ ಬೀಸುವಾಗ ನಿಲ್ಲುವುದೆಲ್ಲಿ ಎಂಬುದಕ್ಕೆ ನಿಮ್ಮ ಮನೆಯಲ್ಲಿ ಸಲೀಸಾದ ಉತ್ತರವಿಲ್ಲ. ಪಡಸಾಲೆ ಮತ್ತು ಒಣದ್ರಾಕ್ಷಿಯ ಶೆಡ್ ಎರಡೂ ಬೇಡ; ಶೆಡ್ಡಿನ ಬಲೆ, ತಂತಿ, ಪೈಪುಗಳು ಹಾರುವ ವಸ್ತುಗಳೇ. ಮಾಳಿಗೆಯ ದಪ್ಪ ಗೋಡೆ ಗಾಳಿಗೆ ಜಗ್ಗುವುದಿಲ್ಲ, ಆದರೆ ಸೋರುವುದನ್ನು ತಡೆಯಲೆಂದು ವರ್ಷವರ್ಷವೂ ಮೇಲೆ ಹಾಕುತ್ತ ಬಂದ ಮಣ್ಣು ಮಳೆಗೆ ನೆನೆದಾಗ ಹಳೆಯ ತೊಲೆ, ಜಂತಿಗಳು ಆ ಭಾರ ತಾಳದೆ ಕುಸಿಯಬಹುದು. ತೊಲೆ ಗಟ್ಟಿಯಿದ್ದು ಗೆದ್ದಲು ಹತ್ತಿರದಿದ್ದರೆ, ಗಾಳಿಯ ಆ ಹದಿನೈದು ನಿಮಿಷದ ಮಟ್ಟಿಗೆ ಮಾಳಿಗೆಯ ಒಳಕೋಣೆ ಪಡಸಾಲೆಗಿಂತ ಎಷ್ಟೋ ಮೇಲು. ರಾತ್ರಿಯಿಡೀ ಜಡಿಮಳೆ ಹಿಡಿದರೆ ಅದೇ ಕೋಣೆಯಲ್ಲಿ ಮಲಗುವುದನ್ನು ನಾನು ಒಪ್ಪುವುದಿಲ್ಲ. ವಸ್ತಿಯಲ್ಲಿ ಸ್ಲ್ಯಾಬ್ ಹಾಕಿದ ಬಚ್ಚಲುಮನೆ ಅಥವಾ ಶೌಚಾಲಯವಿದ್ದರೆ, ಇಕ್ಕಟ್ಟಾದರೂ ಎಲ್ಲಕ್ಕಿಂತ ಒಳ್ಳೆಯ ಜಾಗ ಅದೇ, ಏಕೆಂದರೆ ನಾಲ್ಕು ಗೋಡೆ ಹತ್ತಿರ ಹತ್ತಿರ ಇದ್ದು ಮೇಲೆ ಬಿಗಿಯಾದ ಛಾವಣಿಯಿರುತ್ತದೆ. ಹೊಲದಲ್ಲಿದ್ದರೆ ಬೇವು, ಹುಣಸೆ ಮರದ ಬುಡಕ್ಕೆ ಓಡುವುದು, ದ್ರಾಕ್ಷಿ ಪಡದ ತಂತಿಗೆ ತಗುಲಿ ನಿಲ್ಲುವುದು ಸಿಡಿಲಿನ ದೃಷ್ಟಿಯಿಂದ ಅಪಾಯ. ಸಿಡಿಲಿನ ಮಾತನ್ನು ಸಣ್ಣದೆಂದು ಬಿಡುವಂತಿಲ್ಲ: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಜನ. ನಿಮ್ಮ ಅತ್ತೆಯವರ ಹಾರಿಯ ವಿಷಯಕ್ಕೂ ಇದೇ ಉತ್ತರ. ಹಾರಿಯಿಂದ ಆಲಿಕಲ್ಲು ನಿಲ್ಲುವುದಿಲ್ಲ, ಕೆಡುವುದೂ ಇಲ್ಲ. ಅಪಾಯ ಇರುವುದು ಗುಡುಗುವಾಗ ಅವರು ಅಂಗಳಕ್ಕೆ ಇಳಿಯುವುದರಲ್ಲಿ. ಬಿಡಲಾರರೆಂದರೆ ಹೊಸ್ತಿಲೊಳಗಿನಿಂದ ಒಗೆಯಲು ಹೇಳಿ.

ಹಗೇವಿಗೆ ಮಾತ್ರ ಯಾವ ಕಾರಣಕ್ಕೂ ಇಳಿಯಬೇಡಿ. ಅಮೆರಿಕದ ರೈತರು ನೆಲಮಾಳಿಗೆಯಲ್ಲಿ ಅಡಗುವುದನ್ನು ನೋಡಿ ನಿಮಗೆ ಹಾಗನ್ನಿಸಿರಬೇಕು, ಆದರೆ ಅವಕ್ಕೆ ಗಾಳಿಕಿಂಡಿಯಿರುತ್ತದೆ, ಮೆಟ್ಟಿಲಿರುತ್ತದೆ. ಮುಚ್ಚಿದ ಹಗೇವಿನಲ್ಲಿ ಕಾಳು ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದು ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತದೆ. ಇಳಿದವನು ಕೂಗಲೂ ಆಗದೆ ಬೀಳುತ್ತಾನೆ, ಅವನನ್ನು ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ.

ಮಗನ ವಿಷಯ. ನಾರ್ಮನ್ ಸುಂಟರಗಾಳಿಗಳ ಹಾದಿಯಲ್ಲಿರುವ ಊರು ಎಂಬುದು ನಿಜ, ಮತ್ತು ಅಮೆರಿಕದ ರಾಷ್ಟ್ರೀಯ ಬಿರುಗಾಳಿ ಮುನ್ಸೂಚನಾ ಕೇಂದ್ರ ಇರುವುದೂ ಅದೇ ಊರಿನಲ್ಲಿ. ಅಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗಿನ ಕಾಲ ಹೆಚ್ಚು ಎಚ್ಚರಿಕೆಯದು, ಅದರಲ್ಲಿಯೂ ಮೇ. ‘ಟೊರ್ನೇಡೊ ವಾಚ್’ ಎಂದರೆ ಮುಂದಿನ ಕೆಲವು ಗಂಟೆಗಳಲ್ಲಿ ಬರಬಹುದಾದ ವಾತಾವರಣವಿದೆ ಎಂದು. ‘ಟೊರ್ನೇಡೊ ವಾರ್ನಿಂಗ್’ ಎಂದರೆ ರೇಡಾರಿನಲ್ಲಿ ಅಥವಾ ಕಣ್ಣಿಗೆ ಕಂಡಿದೆ, ಈಗಲೇ ಒಳಗೆ ಹೋಗಿ ಎಂದು. ಎರಡನೆಯದು ಬಂದ ಮೇಲೆ ಸಿಗುವ ಸಮಯ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ, ಒಮ್ಮೊಮ್ಮೆ ಅದೂ ಇಲ್ಲ. ಫೋನಿನಲ್ಲಿ ಬರುವ ತುರ್ತು ಎಚ್ಚರಿಕೆಯನ್ನು ಆರಿಸಿಡದಿರಲಿ, ರಾತ್ರಿ ಮಲಗುವಾಗಲೂ ಸದ್ದು ತೆಗೆಯದಿರಲಿ. ರಾತ್ರಿ ಬರುವ ಸುಂಟರಗಾಳಿಗಳು ಜೀವ ತೆಗೆಯುವ ಸಂಭವ ಹಗಲಿನವುಗಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಸೈರನ್ ಇರುವುದು ಹೊರಗಿರುವವರಿಗಾಗಿ, ಮನೆಯೊಳಗೆ ನಿದ್ದೆಯಲ್ಲಿರುವವರನ್ನು ಅದು ಎಬ್ಬಿಸುತ್ತದೆಂಬ ಖಾತರಿಯಿಲ್ಲ.

ಅವನು ಬಾಡಿಗೆಗೆ ಎಲ್ಲಿ ಇರುತ್ತಾನೆ ಎಂಬುದು ಇದೆಲ್ಲಕ್ಕಿಂತ ಮುಖ್ಯ. ಬಾಡಿಗೆ ಕಡಿಮೆಯೆಂದು ‘ಮೊಬೈಲ್ ಹೋಮ್’ ಎಂಬ ಹಗುರ ಕಟ್ಟಣೆಯ ಮನೆಗೆ ಹೋಗದಿರಲಿ. ಅಲ್ಲಿನ ಜನಸಂಖ್ಯೆಯಲ್ಲಿ ಅಂಥ ಮನೆಗಳಲ್ಲಿರುವವರ ಪಾಲು ಚಿಕ್ಕದು, ಸುಂಟರಗಾಳಿಗೆ ಮನೆಯೊಳಗೆ ಸಾಯುವವರಲ್ಲಿ ಅವರ ಪಾಲು ಬಹಳ ದೊಡ್ಡದು. ನೆಲಮಾಳಿಗೆ ಅಥವಾ ಬಲಪಡಿಸಿದ ರಕ್ಷಣಾ ಕೋಣೆ ಇದ್ದರೆ ಉತ್ತಮ. ಇಲ್ಲವಾದರೆ ಕಟ್ಟಡದ ಅತಿ ಕೆಳಗಿನ ಅಂತಸ್ತಿನಲ್ಲಿ, ಕಿಟಕಿಯಿಲ್ಲದ, ಹೊರಗೋಡೆಗೆ ತಗುಲದ ಚಿಕ್ಕ ಕೋಣೆ. ಅಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ತಲೆ ತಗ್ಗಿಸಿ, ಮೇಲೆ ಹಾಸಿಗೆ ಎಳೆದುಕೊಂಡು, ತಲೆಗೆ ಹೆಲ್ಮೆಟ್ ಹಾಕಿಕೊಂಡಿರಬೇಕು. ತಲೆಯ ಪೆಟ್ಟೇ ಮುಖ್ಯ ಮಾರಕವಾದ್ದರಿಂದ ಹೆಲ್ಮೆಟ್ ಸಲಹೆಯನ್ನು ಅಲ್ಲಿನ ಗಾಯ ಸಂಶೋಧಕರು 2011ರ ಅಲಬಾಮಾ ದುರಂತದ ನಂತರ ಒತ್ತಿ ಹೇಳಿದರು. ನಮ್ಮಲ್ಲಿ ಹೆಲ್ಮೆಟ್ ಬೈಕಿನ ಕನ್ನಡಿಗೆ ನೇತುಹಾಕುವ ವಸ್ತುವಾಗಿದ್ದರೂ, ಗಾಳಿಯ ಹೊತ್ತಿನಲ್ಲಿ ಅದನ್ನು ಮನೆಯೊಳಗೆ ತಂದುಕೊಂಡರೆ ಇಲ್ಲಿಯೂ ಅಷ್ಟೇ ಉಪಯೋಗ. ಹೆಲ್ಮೆಟ್ ಹುಡುಕುತ್ತ ತಡಮಾಡುವುದು ಮಾತ್ರ ಬೇಡ.

ಕಾರಿನಲ್ಲಿ ಓಡುವ ಅವನ ಯೋಜನೆಗೆ ಉತ್ತರ ಇತಿಹಾಸದಲ್ಲಿದೆ. 1979ರ ಏಪ್ರಿಲ್ 10ರಂದು ಟೆಕ್ಸಸ್‌ನ ವಿಚಿಟಾ ಫಾಲ್ಸ್ ನಗರದಲ್ಲಿ ಸುಂಟರಗಾಳಿಗೆ ಸತ್ತ ನಲವತ್ತಕ್ಕೂ ಹೆಚ್ಚು ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಾಹನಗಳಲ್ಲಿದ್ದವರು. ಓಡಿಬಂದ ಕೆಲವರ ಮನೆಗಳಿಗೆ ಏನೂ ಆಗಿರಲಿಲ್ಲ. 2013ರ ಮೇ 31ರಂದು ನಾರ್ಮನ್‌ನಿಂದ ದೂರವಲ್ಲದ ಎಲ್ ರೀನೊ ಬಳಿ ಹಾದ ಸುಂಟರಗಾಳಿ ಒಂದು ಹಂತದಲ್ಲಿ 4.2 ಕಿ.ಮೀ. ಅಗಲವಾಗಿತ್ತು, ಅದರಲ್ಲಿ ಸತ್ತ ಎಂಟೂ ಜನ ವಾಹನಗಳಲ್ಲಿದ್ದರು. ಮೇಲೆ ಹೇಳಿದ, ಒತ್ತಡದ ಇಳಿತ ಅಳೆದ ಟಿಮ್ ಸಮಾರಸ್ ಅವರಲ್ಲಿ ಒಬ್ಬರು. ಅವರ ಮಗನೂ ಸಹೋದ್ಯೋಗಿಯೂ ಜೊತೆಗೇ ಹೋದರು. ಜೀವನವಿಡೀ ಸುಂಟರಗಾಳಿಯ ಹಿಂದೆ ಓಡಾಡಿದವರಿಗೇ ಅದರ ದಿಕ್ಕು, ವೇಗ ಅಂದಾಜಿಗೆ ಸಿಗಲಿಲ್ಲ. ಸಂಜೆಯ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡ ಹೊಸ ವಿದ್ಯಾರ್ಥಿಗೆ ಸಿಗುತ್ತದೆಯೆ?

ಆದರೂ ದಾರಿಯಲ್ಲಿ ಸಿಕ್ಕಿಬಿದ್ದರೆ ಎಂಬ ಪ್ರಶ್ನೆ ಉಳಿಯುತ್ತದೆ. ಹತ್ತಿರದಲ್ಲಿ ಗಟ್ಟಿ ಕಟ್ಟಡವಿದ್ದರೆ ಅದರೊಳಗೆ ಹೋಗಬೇಕು. ಅದಿಲ್ಲದಿದ್ದರೆ ಉಳಿಯುವ ಎರಡು ದಾರಿಗಳೂ ಕೆಟ್ಟವೇ: ಸೀಟ್ ಬೆಲ್ಟ್ ಕಟ್ಟಿಕೊಂಡೇ ತಲೆಯನ್ನು ಕಿಟಕಿಯ ಮಟ್ಟಕ್ಕಿಂತ ಕೆಳಗೆ ಬಾಗಿಸಿ ಕೈಗಳಿಂದ ಮುಚ್ಚಿಕೊಳ್ಳುವುದು, ಅಥವಾ ರಸ್ತೆಗಿಂತ ಸಾಕಷ್ಟು ತಗ್ಗಿನ ಜಾಗವಿದ್ದರೆ ಕಾರು ಬಿಟ್ಟು ಅಲ್ಲಿ ಬೋರಲು ಮಲಗುವುದು. ಮೊದಲನೆಯದರಲ್ಲಿ ಕಾರು ಉರುಳುವ ಭಯ, ಎರಡನೆಯದರಲ್ಲಿ ಹಾರಿಬರುವ ವಸ್ತುಗಳ ಮತ್ತು ನೀರಿನ ಭಯ. 2013ರ ಅದೇ ರಾತ್ರಿ ಓಕ್ಲಹೋಮಾ ನಗರದಲ್ಲಿ ಮಳೆನೀರಿನ ಮೋರಿಗಳಲ್ಲಿ ಅಡಗಿದ್ದ ಕೆಲವರು ಪ್ರವಾಹಕ್ಕೆ ಕೊಚ್ಚಿಹೋದರು. ಮೇಲ್ಸೇತುವೆಯ ಕೆಳಗೆ ನಿಲ್ಲುವುದು ಮಾತ್ರ ಬೇಡವೇ ಬೇಡ. 1991ರಲ್ಲಿ ಕಾನ್ಸಾಸ್‌ನ ಹೆದ್ದಾರಿಯಲ್ಲಿ ಟಿ.ವಿ. ತಂಡವೊಂದು ಸೇತುವೆಯ ಕೆಳಗೆ ಅವಿತು ಬದುಕಿಬಂದ ದೃಶ್ಯ ಲೋಕಪ್ರಸಿದ್ಧವಾಯಿತು, ಜನ ಅದನ್ನೇ ಪಾಠವೆಂದುಕೊಂಡರು. 1999ರ ಮೇ 3ರಂದು ಓಕ್ಲಹೋಮಾದಲ್ಲಿ ಎದ್ದ ಸುಂಟರಗಾಳಿಗಳಲ್ಲಿ ಮೇಲ್ಸೇತುವೆಗಳ ಕೆಳಗೆ ನಿಂತಿದ್ದ ಮೂವರು ಸತ್ತರು, ಹಲವರು ಭೀಕರವಾಗಿ ಗಾಯಗೊಂಡರು. ಇಕ್ಕಟ್ಟಾದ ಸಂದಿಯಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಅದು ಹೊತ್ತು ತಂದದ್ದೆಲ್ಲ ಆ ಸಂದಿಗೇ ನುಗ್ಗುತ್ತದೆ.

ನಿಮ್ಮ ಕೆಲಸದವನ ಕಾಲು ಕೀವಾದದ್ದಕ್ಕೆ ಅವನ ದುರದೃಷ್ಟವಷ್ಟೇ ಕಾರಣವಲ್ಲ. ಗಾಳಿಯಲ್ಲಿ ಆದ ಗಾಯದೊಳಗೆ ಮಣ್ಣು, ಸಗಣಿ, ತುಕ್ಕು, ಎಲೆಯ ಚೂರುಗಳು ಆಳಕ್ಕೆ ಇಳಿದಿರುತ್ತವೆ. ಹೊರಗಿನಿಂದ ನೇರ ಗೆರೆಯಂತೆ ಕಾಣುವ ಗಾಯವನ್ನು ಅಂದೇ ಹೊಲಿದುಬಿಟ್ಟರೆ ಅದೆಲ್ಲ ಒಳಗೇ ಮುಚ್ಚಿಹೋಗುತ್ತದೆ. ಹೆಚ್ಚು ಮಲಿನವಾದ ಗಾಯವನ್ನು ಧಾರಾಳ ನೀರಿನಿಂದ ತೊಳೆದು, ಸತ್ತ ಮಾಂಸ ಕತ್ತರಿಸಿ, ತೆರೆದೇ ಬಿಟ್ಟು ಪಟ್ಟಿ ಕಟ್ಟಿ, ಮೂರರಿಂದ ಐದು ದಿನಗಳ ನಂತರ ಚೊಕ್ಕಟವಿದ್ದರೆ ಹೊಲಿಯುವುದು ಒಳ್ಳೆಯ ಕ್ರಮ. ಗಾಯ ತೆರೆದಿಟ್ಟರೆ ಡಾಕ್ಟರಿಗೆ ಕೆಲಸ ಬರುವುದಿಲ್ಲ ಎಂದು ರೋಗಿಯ ಕಡೆಯವರೇ ಹೊಲಿಗೆಗೆ ಒತ್ತಾಯಿಸುವುದನ್ನು ನಾನು ಬಹಳ ನೋಡಿದ್ದೇನೆ. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಐದು ವರ್ಷ ದಾಟಿದ್ದರೆ ಮತ್ತೆ ಹಾಕಿಸಬೇಕು. ಚಿಕ್ಕಂದಿನಿಂದ ಒಂದೂ ಹಾಕಿಸಿರದವರಿಗೆ ಅದರ ಜೊತೆಗೆ ಪ್ರತಿವಿಷದ ಚುಚ್ಚುಮದ್ದೂ ಬೇಕಾಗುತ್ತದೆ. ರಕ್ತ ನಿಲ್ಲಿಸಲು ಅರಿಶಿನ, ಸುಣ್ಣ, ಕಾಫಿಪುಡಿ ತುಂಬದೆ ಚೊಕ್ಕಟ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಚುಚ್ಚಿಕೊಂಡ ಕಬ್ಬಿಣವನ್ನು ಕೀಳದೆ ಹಾಗೆಯೇ ಆಸ್ಪತ್ರೆಗೆ ತನ್ನಿ.

ಅಪರೂಪವಾದರೂ ಹೇಳಲೇಬೇಕಾದದ್ದು ಇನ್ನೊಂದಿದೆ. 2011ರ ಮೇ 22ರಂದು ಮಿಸೌರಿ ರಾಜ್ಯದ ಜಾಪ್ಲಿನ್ ನಗರದಲ್ಲಿ ಸುಂಟರಗಾಳಿ ಒಂದೂವರೆ ನೂರಕ್ಕೂ ಹೆಚ್ಚು ಜನರನ್ನು ಕೊಂದ ಮೇಲೆ, ಗಾಯಗೊಂಡು ಬದುಕಿದವರಲ್ಲಿ 13 ಜನರ ಗಾಯಗಳಿಗೆ ಮಣ್ಣಿನ ಶಿಲೀಂಧ್ರ ಹತ್ತಿ ಐವರು ಸತ್ತರು. ಕೊರೊನಾ ಕಾಲದಲ್ಲಿ ನಾವು ಕಪ್ಪು ಶಿಲೀಂಧ್ರವೆಂದು ಕೇಳಿದ ರೋಗದ ಗುಂಪಿನದೇ ಅದು. ಆ ಶಿಲೀಂಧ್ರದ ಕುಲವನ್ನು ಮೊದಲು ಗುರುತಿಸಿದ್ದು 1979ರಲ್ಲಿ, ಭಾರತದ ಮಾವಿನ ತೋಟವೊಂದರ ಮಣ್ಣಿನಲ್ಲಿ. ಆದ್ದರಿಂದ ಗಾಯದ ಅಂಚು ಕಪ್ಪಾಗುತ್ತ ದಿನದಿನಕ್ಕೆ ಹರಡುತ್ತಿದ್ದರೆ, ಆ್ಯಂಟಿಬಯೊಟಿಕ್ ಕೊಟ್ಟರೂ ಜ್ವರ ಇಳಿಯದಿದ್ದರೆ, ಮಧುಮೇಹವಿರಲಿ ಬಿಡಲಿ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಗಾಳಿ ನಿಂತ ಮೇಲಿನ ಹೊತ್ತೂ ಅಪಾಯದ್ದೇ. ಅಮೆರಿಕದ ಇಲಿನಾಯ್ ರಾಜ್ಯದ ಮ್ಯಾರಿಯನ್ ಊರಿನ ಸುಂಟರಗಾಳಿಯ ನಂತರ ನಡೆಸಿದ ಅಧ್ಯಯನದಲ್ಲಿ, ಅರ್ಧದಷ್ಟು ಗಾಯಗಳು ರಕ್ಷಣೆ ಮತ್ತು ಅವಶೇಷ ತೆಗೆಯುವ ಕೆಲಸದಲ್ಲಿ ಆದವು ಎಂದು ಕಂಡಿತು. ಒಟ್ಟು ಗಾಯಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಮೊಳೆ ತುಳಿದದ್ದು. ನಮ್ಮಲ್ಲಿ ಗಾಳಿ ನಿಂತ ಕೂಡಲೇ, ಕತ್ತಲಲ್ಲಿ, ಬರಿಗಾಲಲ್ಲಿ, ಕರೆಂಟಿನ ತಂತಿ ಬಿದ್ದಿದೆಯೋ ಇಲ್ಲವೋ ನೋಡದೆ ಪತ್ರಾಸು ಆರಿಸಲು ಹೊಲಕ್ಕೆ ಓಡುತ್ತಾರೆ. ತಂತಿ ಬಿದ್ದಿದ್ದರೆ ಹೆಸ್ಕಾಂನ 1912 ಸಂಖ್ಯೆಗೆ ತಿಳಿಸಿ, ಅವರು ಬಂದು ನೋಡುವವರೆಗೆ ಒದ್ದೆ ನೆಲದಲ್ಲಿ ಆ ಕಡೆ ಯಾರನ್ನೂ ಬಿಡಬೇಡಿ. ಪತ್ರಾಸು ಬೆಳಗಿನವರೆಗೆ ಹೊಲದಲ್ಲೇ ಬಿದ್ದಿರಲಿ. ಬೆಳಗಾದ ಮೇಲೆ ಗಟ್ಟಿ ಅಟ್ಟೆಯ ಬೂಟು ಹಾಕಿಕೊಂಡು, ಏನನ್ನೂ ಸರಿಸುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ. ಗ್ರಾಮ ಆಡಳಿತಾಧಿಕಾರಿ ಪಂಚನಾಮೆಗೆ ಬಂದಾಗ ಬೇಕಾಗುತ್ತದೆ.